ಡಿಎಂಎಫ್ ಬಟ್ಟಿ ಇಳಿಸುವಾಗ ಮೀನಿನ ವಾಸನೆ: ಪ್ರತಿಕ್ರಿಯೆ

ಡಿಎಂಎಫ್ (ಡೈಮೀಥೈಲ್‌ಫಾರ್ಮಮೈಡ್ ಎಂಬ ದ್ರಾವಕ) ಬಟ್ಟಿ ಇಳಿಸುವಾಗ ಮೀನಿನ ವಾಸನೆ ಬಂತೆಂದು ನೀವು ಹೇಳಿದ್ದೀರಿ; ಅದು ಬಹುತೇಕ ಡೈಮೀಥೈಲಮೀನ್ ಎಂಬ ಅಮೀನಿನದು. ಡಿಎಂಎಫ್ ಅನ್ನು ಒಣಗಿಸಲೆಂದು (ಅದರ ನೀರಿನಂಶ ತೆಗೆಯಲೆಂದು) ರಾತ್ರಿಯಿಡೀ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದ ಬಿಲ್ಲೆಗಳ ಮೇಲಿಟ್ಟು, ಮರುದಿನ ಸಾಮಾನ್ಯ ಒತ್ತಡದಲ್ಲೇ ಬಟ್ಟಿ ಇಳಿಸಿದ್ದು ಅದಕ್ಕೆ ಕಾರಣವಿರಬೇಕು. ಈ ದ್ರಾವಕವು ತನ್ನ ಕುದಿಬಿಂದುವಾದ 153 ಡಿಗ್ರಿ ಸೆಲ್ಸಿಯಸ್ ಬಳಿ ತಾನಾಗಿಯೇ ಅಲ್ಪ ಪ್ರಮಾಣದಲ್ಲಿ ಡೈಮೀಥೈಲಮೀನ್ ಮತ್ತು ಕಾರ್ಬನ್ ಮೊನಾಕ್ಸೈಡ್ ಆಗಿ ಒಡೆಯುತ್ತದೆ. ಆಮ್ಲವಾಗಲಿ ಕ್ಷಾರವಾಗಲಿ ಜೊತೆಗಿದ್ದರೆ ಕೋಣೆಯ ಉಷ್ಣತೆಯಲ್ಲೂ ವಿಘಟನೆ ನಡೆಯುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ಪದೇ ಪದೇ ತೆರೆದ ಬಾಟಲಿ ತೇವವನ್ನೂ ಎಳೆದುಕೊಂಡಿರುತ್ತದೆ. ಕ್ಷಾರದೊಂದಿಗೆ ಆ ನೀರು ಸೇರಿದರೆ ಅಮೀನ್ ಜೊತೆ ಫಾರ್ಮೇಟ್ (ಫಾರ್ಮಿಕ್ ಆಮ್ಲದ ಲವಣ) ಉಂಟಾಗುತ್ತದೆ. ಯಾವ ದಾರಿಯಲ್ಲಿ ಎಷ್ಟು ಒಡೆದಿದೆ ಎಂಬುದನ್ನು ವಾಸನೆಯೊಂದರಿಂದಲೇ ಹೇಳಲಾಗದು.

ಮೊದಲು ಫ್ಯೂಮ್ ಹುಡ್‌ನೊಳಗೆ (ಆವಿಯನ್ನು ಹೀರಿ ಹೊರಹಾಕುವ ಪ್ರಯೋಗಾಲಯದ ಕಪಾಟಿನೊಳಗೆ) ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದವನ್ನು ಬಾಟಲಿಯ ಬಾಯಿಗೆ ಹಿಡಿಯಿರಿ. ನೀಲಿಯಾದರೆ ಅಮೀನ್ ಇದೆಯೆಂದು ತಿಳಿಯಿರಿ. ಆ ದ್ರವವನ್ನು ಬಿಲ್ಲೆಗಳಿಂದ ಬೇರ್ಪಡಿಸಿ ತ್ಯಾಜ್ಯದ ಡಬ್ಬಕ್ಕೆ ಹಾಕುವುದೇ ಲೇಸು, ಉಳಿಸಿಕೊಳ್ಳುವ ಹಟ ಬೇಡ. 4 ಆಂಗ್‌ಸ್ಟ್ರಾಮ್ ಮಾಲಿಕ್ಯುಲರ್ ಸೀವ್ (ನೀರನ್ನು ಹೀರುವ ಸೂಕ್ಷ್ಮ ರಂಧ್ರಗಳ ಮಣಿಗಳು) ಮಾತ್ರವನ್ನೇ 300 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿ, ತೇವ ತಾಗದಂತೆ ಆರಿಸಿರಿ; ಹೊಸ ಡಿಎಂಎಫ್ ಅನ್ನು ಅದರ ಮೇಲೆ ಒಂದೆರಡು ದಿನ ಇರಿಸಿ, ಸೋಸಿ, ನಿರ್ವಾತ ಪಂಪ್ ಜೋಡಿಸಿ ಸುಮಾರು 20 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ಬಟ್ಟಿ ಇಳಿಸಿರಿ. ಆಗ ಅದು 55 ಡಿಗ್ರಿಯ ಆಸುಪಾಸಿನಲ್ಲೇ ಬರುತ್ತದೆ. ಮೊದಲು ಇಳಿಯುವ ಭಾಗವನ್ನು ಚೆಲ್ಲಿ, ಉಳಿದದ್ದನ್ನು ಕಂದು ಬಾಟಲಿಯಲ್ಲಿ ನೈಟ್ರೋಜನ್ ಅಡಿಯಲ್ಲಿ ಇಡಿ.

ಜಡಿಮಳೆಯೆಂದು ಕಿಟಕಿಗಳನ್ನೆಲ್ಲ ಮುಚ್ಚಿ, ಹುಡ್ ಚಾಲೂ ಮಾಡದೆ ಈ ಕೆಲಸಕ್ಕೆ ಇಳಿಯಬೇಡಿ: ಅಮೀನ್ ಮೂಗಿಗೆ ತಿಳಿಯುತ್ತದೆ, ಕಾರ್ಬನ್ ಮೊನಾಕ್ಸೈಡ್ ತಿಳಿಯುವುದಿಲ್ಲ.