ಅತ್ತೆ ಟಿವಿ ಮುಂದಿಂದ ಎದ್ದು ಹೋದ್ರು

ಪ್ರಶ್ನೆ: ಅಕ್ಕ, ನಮಸ್ತೆ. ನಮ್ಮನೇಲಿ ಸಂಜೆ ಏಳರಿಂದ ಒಂಬತ್ತೂವರೆ ತನಕ ಟಿವಿ ಅತ್ತೇದೇ. ನಾನು ತರಕಾರಿ ಹೆಚ್ಕೊಳ್ತಾ, ಮಗಳು ಹೋಮ್‌ವರ್ಕ್ ಬರೀತಾ ಎಲ್ರೂ ಹಾಲಲ್ಲೇ ಇರ್ತೀವಿ. ನಮ್ಮತ್ತೆಯ ತಮ್ಮ ಎಂಟು ವರ್ಷದ ಹಿಂದೆ ತಾವೇ ಜೀವ ಕಳ್ಕೊಂಡ್ರು, ಮನೇಲಿ ಆ ಮಾತು ಯಾರೂ ಎತ್ತಲ್ಲ. ಹೋದ ವಾರ ನಾವು ದಿನಾ ನೋಡೋ ಸೀರಿಯಲ್ಲಲ್ಲಿ ಸೊಸೆ ಪಾತ್ರ ರೂಮಿನ ಬಾಗಿಲು ಹಾಕ್ಕೊಂಡು ಜೀವ ಕಳ್ಕೊಳ್ಳೋಕೆ ಹೊರಡೋ ಸೀನು ಬಂತು, ಅದನ್ನ ಸ್ಲೋ ಮೋಷನ್ನಲ್ಲಿ ಮ್ಯೂಸಿಕ್ ಹಾಕಿ ಎಳೆದು ಎಳೆದು ತೋರಿಸಿ, ಬ್ರೇಕ್ ಆದ್ಮೇಲೆ ಮತ್ತೆ ಅದನ್ನೇ ತೋರಿಸಿದ್ರು. ಅತ್ತೆ ಒಂದ್ ಮಾತೂ ಆಡದೆ ಎದ್ದು ಹೋಗಿ ಹಿತ್ಲಲ್ಲಿ ಕೂತ್ಬಿಟ್ರು. ಆವತ್ತು ರಾತ್ರಿ ಊಟ ಮಾಡ್ಲಿಲ್ಲ, ಅಲ್ಲಿಂದ ಈಚೆಗೆ ಸರಿಯಾಗಿ ನಿದ್ದೇನೂ ಮಾಡ್ತಿಲ್ಲ. ನಮ್ಮೆಜಮಾನ್ರು "ಸೀರಿಯಲ್ ತಾನೇ ಅಮ್ಮ" ಅಂದು ಸುಮ್ನಾದ್ರು. ಚಾನೆಲ್‌ನೋರು ಮೊದ್ಲೇ ಒಂದ್ ಮಾತು ಹೇಳಿದ್ರೆ ನಾನೇ ರಿಮೋಟ್ ತಗೊಂಡು ಬದಲಾಯಿಸ್ತಿದ್ದೆ. ಹಾಗೆ ಹೇಳ್ಬೇಕು ಅಂತ ರೂಲ್ಸ್ ಇಲ್ವಾ? ಈಗ ಅತ್ತೆ ಹತ್ರ ಹೇಗೆ ಮಾತಾಡ್ಲಿ?
– ಹೆಸರು ಬೇಡ, ತಿಪಟೂರು

ಉತ್ತರ: ನಿಮ್ಮ ಕೊನೇ ಪ್ರಶ್ನೆಯಿಂದ ಶುರು ಮಾಡ್ತೀನಿ ತಂಗಿ, ಯಾಕಂದ್ರೆ ರೂಲ್ಸ್ ವಿಚಾರ ನಾಳೆ ನೋಡ್ಬಹುದು, ಅತ್ತೆ ಇವತ್ತು ರಾತ್ರೀನೂ ನಿದ್ದೆ ಇಲ್ದೆ ಹೊರಳಾಡ್ತಾರೆ. ಎದುರು ಕೂರಿಸ್ಕೊಂಡು ವಿಚಾರಿಸ್ಬೇಡಿ. ಅಕ್ಕಿ ಆರಿಸೋವಾಗ್ಲೋ ಹೂ ಕಟ್ಟೋವಾಗ್ಲೋ ಪಕ್ಕದಲ್ಲಿ ಕೂತು "ಆವತ್ತು ಸೀರಿಯಲ್ ನೋಡಿ ನಿಮ್ಮ ತಮ್ಮನ ನೆನಪಾಯ್ತಾ ಅತ್ತೆ" ಅಂತ ನೇರವಾಗಿ ಕೇಳಿ. ಆ ಹೆಸರು ತೆಗೆದ್ರೆ ನೋವು ಜಾಸ್ತಿ ಆಗುತ್ತೆ ಅಂತ ನಾವೆಲ್ಲ ಹೆದರ್ತೀವಿ, ಆದ್ರೆ ಎಂಟು ವರ್ಷ ಆ ಹೆಸರನ್ನ ಯಾರೂ ಎತ್ತದೆ ಇದ್ದಿದ್ರಿಂದ ಅವ್ರಿಗೆ ನೋವು ಕಮ್ಮಿ ಏನೂ ಆಗಿಲ್ಲ ಅಲ್ವಾ. ಅತ್ರೆ ಅಳೋಕೆ ಬಿಡಿ, ಸಮಾಧಾನ ಮಾಡೋ ಅವಸರ ಬೇಡ. ನಿದ್ದೆ ಊಟ ಹೀಗೇ ಕೆಟ್ಟಿದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ಕ್ಕೆ ಶುರುವಾದ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡ್ಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಅತ್ತೆ ಮಾತಾಡಲ್ಲ ಅಂದ್ರೆ ನೀವೇ ಮಾಡಿ ಹೇಗೆ ನಡ್ಕೋಬೇಕು ಅಂತ ಕೇಳಿ. ನಿಮ್ಮೆಜಮಾನ್ರು ಕೆಟ್ಟ ಮನಸ್ಸಿಂದ ಹಾಗೆ ಅಂದಿರಲ್ಲ, ಹೋಗಿದ್ದು ಅವ್ರ ಸೋದರಮಾವ, ಅವ್ರಿಗೂ ಆ ಸೀನು ಎಲ್ಲೋ ತಾಗಿರುತ್ತೆ ಅನ್ಸುತ್ತೆ ನಂಗೆ.

ಈಗ ರೂಲ್ಸು. ಟಿವಿಗೆ ಪ್ರೋಗ್ರಾಮ್ ಕೋಡ್ ಅಂತ ಒಂದಿದೆ, 1994ರ ಕೇಬಲ್ ಟಿವಿ ನಿಯಮಗಳಲ್ಲಿ ಬರುತ್ತೆ, ಏನು ತೋರಿಸ್ಬಾರ್ದು ಅಂತ ಅದು ಹೇಳುತ್ತೆ. 2011ರಲ್ಲಿ ಮನರಂಜನೆ ಚಾನೆಲ್‌ಗಳೇ ಸೇರಿ ಬಿಸಿಸಿಸಿ ಅನ್ನೋ ದೂರು ಮಂಡಳಿ ಮಾಡ್ಕೊಂಡ್ವು, ಅದರ ಪ್ರಕಾರ ದೊಡ್ಡವ್ರಿಗೆ ಮಾತ್ರ ಅನ್ನೋ ಥರದ್ದು ರಾತ್ರಿ 11ರಿಂದ ಬೆಳಗ್ಗೆ 5ರ ಒಳಗೆ ಬರ್ಬೇಕು. ಆದ್ರೆ ಸಂಜೆ ಏಳೂವರೆ ಸೀರಿಯಲ್ಲು ಮನೆಮಂದಿ ಎಲ್ಲ ನೋಡೋದು ಅಂತಾನೇ ಲೆಕ್ಕ, ಹಾಗಾಗಿ ಒಟಿಟಿಯಲ್ಲಿ ಬರೋ ಹಾಗೆ ಇವತ್ತಿನ ಎಪಿಸೋಡಲ್ಲಿ ಇಂಥದ್ದು ಇದೆ ಅಂತ ಮೊದ್ಲೇ ಹೇಳೋ ಪದ್ಧತಿ ಅಲ್ಲಿ ಬೆಳೆದೇ ಇಲ್ಲ. ಪಾತ್ರಗಳೆಲ್ಲ ಕಾಲ್ಪನಿಕ ಅಂತ ಸರ‍್ರಂತ ಒಂದು ಸಾಲು ಹೋಗುತ್ತಲ್ಲ, ಅದು ಚಾನೆಲ್ಲಿನ ರಕ್ಷಣೆಗೆ ಇರೋದು, ನಿಮ್ಮತ್ತೆಗಲ್ಲ. ನಂಗೆ ತುಂಬಾ ನೋವು ಕೊಡೋ ವಿಷ್ಯ ಇದು. ಯಾರಾದ್ರೂ ಸಿಗರೇಟು ಹಚ್ಚಿದ್ರೆ ತಕ್ಷಣ ಕೆಳಗಡೆ ಎಚ್ಚರಿಕೆ ಬರುತ್ತೆ, 2012ರಿಂದ ಸಿನಿಮಾ ಟಿವಿ ಎರಡಕ್ಕೂ ಆ ನಿಯಮ ಇದೆ, 2023ರ ಸೆಪ್ಟೆಂಬರ್ 1ರಿಂದ ಒಟಿಟಿಗೂ ಬಂತು, ಅದು ಬಂದಿದ್ದು ಒಳ್ಳೇದೇ. ಅಷ್ಟು ಮಾಡೋಕೆ ಆಗುತ್ತೆ ಅಂದ್ಮೇಲೆ ಆತ್ಮಹತ್ಯೆ ಪ್ರಯತ್ನದ ಸೀನಿಗೆ ಮುಂಚೆ ಹತ್ತು ಸೆಕೆಂಡು, ಆಮೇಲೆ 14416 ಅನ್ನೋ ಐದಂಕಿ ಹಾಕೋಕೆ ಯಾಕಾಗಲ್ಲ?

ಆದ್ರೆ ಬರೀ ವಾರ್ನಿಂಗ್ ಹಾಕಿಬಿಟ್ರೆ ಮುಗೀತು ಅಂತಾನೂ ಅಲ್ಲ. 2017ರ ಮಾರ್ಚ್ 31ಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ '13 ರೀಸನ್ಸ್ ವೈ' ಅಂತ ಅಮೆರಿಕದ ಸೀರೀಸ್ ಬಂತು, ಹೈಸ್ಕೂಲ್ ಹುಡುಗಿಯೊಬ್ಬಳ ಆತ್ಮಹತ್ಯೆ ಕಥೆ. ಮೊದ್ಲು ಕೆಲವು ಎಪಿಸೋಡಿಗೆ ಮಾತ್ರ ಎಚ್ಚರಿಕೆ ಇತ್ತು, ವೈದ್ಯರು ಅಪ್ಪ ಅಮ್ಮಂದಿರು ಆಕ್ಷೇಪ ಎತ್ತಿದ್ಮೇಲೆ ಅದೇ ವರ್ಷ ಮೇ ತಿಂಗಳಲ್ಲಿ ಇನ್ನಷ್ಟು ಸೇರಿಸಿದ್ರು, ಮುಂದಿನ ವರ್ಷ ನಟರೇ ಬಂದು ನಾವು ನಟರು, ಕಷ್ಟ ಇದ್ರೆ ಯಾರ ಹತ್ರನಾದ್ರೂ ಮಾತಾಡಿ ಅಂತ ಹೇಳೋ ವಿಡಿಯೋ ಮಾಡಿದ್ರು, ಇಷ್ಟೆಲ್ಲ ಆದ್ಮೇಲೂ ಕೊನೆಗೆ 2019ರ ಜುಲೈನಲ್ಲಿ ಆತ್ಮಹತ್ಯೆ ದೃಶ್ಯಾನೇ ಕತ್ತರಿಸಿ ತೆಗೆದ್ರು. ಅದು ಬಂದ ಮರು ತಿಂಗಳು ಅಮೆರಿಕದಲ್ಲಿ 10ರಿಂದ 17 ವರ್ಷದ ಮಕ್ಕಳ ಆತ್ಮಹತ್ಯೆ ಪ್ರಮಾಣ ಏರಿದ್ದನ್ನ ಒಂದು ಅಧ್ಯಯನ ಗುರುತಿಸ್ತು, ಆ ಸೀರೀಸೇ ಕಾರಣ ಅಂತ ಹೇಳೋಕಾಗಲ್ಲ ಅಂತಾನೂ ಅದನ್ನ ಮಾಡಿದವ್ರೇ ಹೇಳಿದ್ರು. ನಾನು ಇದರಿಂದ ತಿಳ್ಕೊಂಡಿದ್ದು, ಮುಂಚೆ ಏನು ಹೇಳ್ತೀವಿ ಅನ್ನೋದರಷ್ಟೇ ಸೀನನ್ನ ಹೇಗೆ ತೋರಿಸ್ತೀವಿ ಅನ್ನೋದೂ ಮುಖ್ಯ. ಬಾಗಿಲು ಹಾಕ್ಕೊಂಡಳು, ಯಾರೋ ಬಂದು ಬಾಗಿಲು ಬಡಿದ್ರು ಅಂತ ತೋರಿಸಿದ್ರೆ ಕಥೆ ಅರ್ಥ ಆಗುತ್ತೆ, ಒಳಗಡೆ ಕ್ಯಾಮೆರಾ ಇಟ್ಟು ಎಳೆಯೋ ಅಗತ್ಯ ಇಲ್ಲ.

ನೀವು ಚಾನೆಲ್‌ಗೆ ದೂರು ಬರೀರಿ. 2021ರ ಜೂನ್‌ನಲ್ಲಿ ಬಂದ ತಿದ್ದುಪಡಿ ಪ್ರಕಾರ ದೂರು ತಲುಪಿದೆ ಅಂತ 24 ಗಂಟೆ ಒಳಗೆ ತಿಳಿಸ್ಬೇಕು, 15 ದಿನದಲ್ಲಿ ಇತ್ಯರ್ಥ ಮಾಡ್ಬೇಕು, ಸರಿ ಹೋಗ್ಲಿಲ್ಲ ಅಂದ್ರೆ ಆಮೇಲೆ ಆ ಚಾನೆಲ್ ಸೇರಿರೋ ಬಿಸಿಸಿಸಿ ಥರದ ಸ್ವಯಂ ನಿಯಂತ್ರಣ ಮಂಡಳಿಗೆ ಹೋಗ್ಬಹುದು. ತಾರೀಖು, ಟೈಮು, ಸೀರಿಯಲ್ ಹೆಸರು, ಆ ಸೀನು ಎಷ್ಟು ಸಲ ಬಂತು ಅಂತ ಬರೀರಿ, ಸೀರಿಯಲ್ ನಿಲ್ಲಿಸಿ ಅಂತ ಬರೀಬೇಡಿ, ಮೊದ್ಲೇ ಹೇಳಿ, ಎಳೀಬೇಡಿ, ಸಹಾಯವಾಣಿ ನಂಬರ್ ಹಾಕಿ ಅಂತ ಮೂರು ಬೇಡಿಕೆ ಸಾಕು.

ಪ್ರಶ್ನೆ: ಮೇಡಂ, ಎಲ್ಲದಕ್ಕೂ ವಾರ್ನಿಂಗ್ ಹಾಕ್ತಾ ಹೋದ್ರೆ ಕಥೆ ಮೊದ್ಲೇ ಗೊತ್ತಾಗ್ಬಿಡಲ್ವಾ? ಮತ್ತೆ ವಾರ್ನಿಂಗಿಂದ ಪ್ರಯೋಜನ ಇಲ್ಲ ಅಂತ ರಿಸರ್ಚೇ ಹೇಳುತ್ತೆ ಅಂತ ನಮ್ಮ ಕ್ಲಾಸಲ್ಲಿ ಚರ್ಚೆ ಆಯ್ತು.
– ಸೈಕಾಲಜಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಚರ್ಚೆ ಸರಿಯಾಗೇ ಆಗಿದೆ. 2023ರಲ್ಲಿ ಅಲ್ಲೀವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಗೊತ್ತಾಗಿದ್ದು, ಎಚ್ಚರಿಕೆ ಓದಿದ್ರಿಂದ ಆಮೇಲಿನ ಸಂಕಟ ಕಮ್ಮಿ ಆಗಲ್ಲ, ನೋಡೋಕೆ ಮುಂಚೆ ಸ್ವಲ್ಪ ಆತಂಕ ಜಾಸ್ತೀನೇ ಆಗುತ್ತೆ, ಮತ್ತೆ ಜನ ನೋಡೋದನ್ನ ಬಿಡೋದೂ ಇಲ್ಲ. ಅದನ್ನ ಓದಿ ನಾನೂ ತುಂಬಾ ದಿನ ಯೋಚನೆ ಮಾಡಿದೆ. ವಾರ್ನಿಂಗ್ ಔಷಧಿ ಅಲ್ಲ ಅನ್ನೋದನ್ನ ಒಪ್ಕೊಂಡೆ. ಆದ್ರೆ ತಿಪಟೂರಿನ ಆ ಸೊಸೆ ಕೇಳಿದ್ದು ಔಷಧಿ ಅಲ್ಲ, ರಿಮೋಟ್ ತಗೊಳ್ಳೋಕೆ ಹತ್ತು ಸೆಕೆಂಡು. ಪ್ರಯೋಗದಲ್ಲಿ ಒಬ್ಬೊಬ್ರೇ ಕೂತು ತಮಗೆ ತಾವೇ ತೀರ್ಮಾನ ಮಾಡ್ತಾರೆ, ನಮ್ಮ ಮನೆ ಹಾಲಲ್ಲಿ ನಾಲ್ಕು ಜನ ಒಟ್ಟಿಗೆ ಕೂತಿರ್ತಾರೆ, ಒಬ್ರಿಗೆ ಆಗದೇ ಇರೋದನ್ನ ಇನ್ನೊಬ್ರು ತಿಳಿದಿರ್ತಾರೆ. ಆ ತಿಳಿದಿರೋರಿಗೆ ಸುದ್ದಿ ಮುಟ್ಬೇಕು.

ಅದಕ್ಕೇ "ಕೆಲವು ದೃಶ್ಯಗಳು ಮನಸ್ಸನ್ನು ಕಲಕಬಹುದು" ಅಂತ ಹಾಕೋದ್ರಿಂದ ಏನೂ ಉಪಯೋಗ ಇಲ್ಲ. ಯಾವ ದೃಶ್ಯ, ಯಾರ ಮನಸ್ಸು? "ಇವತ್ತಿನ ಸಂಚಿಕೆಯಲ್ಲಿ ಆತ್ಮಹತ್ಯೆ ಪ್ರಯತ್ನದ ದೃಶ್ಯ ಇದೆ" ಅಂತ ಬಿಡಿಸಿ ಹೇಳ್ಬೇಕು, ಅದೂ ಬಾಯಲ್ಲಿ ಹೇಳ್ಬೇಕು, ಕನ್ನಡದಲ್ಲಿ, ಯಾಕಂದ್ರೆ ಸರ‍್ರಂತ ಓಡೋ ಸಣ್ಣ ಅಕ್ಷರ ಓದೋಕೆ ಕಣ್ಣು ಸಾಲದ ವಯಸ್ಸಿನೋರೇ ಆ ಹೊತ್ತಲ್ಲಿ ಟಿವಿ ಮುಂದೆ ಇರೋದು. ಕಥೆ ಗೊತ್ತಾಗುತ್ತೆ ಅನ್ನೋದನ್ನಂತೂ ನಾನು ಒಪ್ಪಲ್ಲಪ್ಪ. ಅದೇ ಸೀನನ್ನ ಪ್ರೋಮೋದಲ್ಲಿ ದಿನಕ್ಕೆ ಎಷ್ಟು ಸಲ ತೋರಿಸ್ತಾರೆ! ಪ್ರೋಮೋದಿಂದ ಕೆಡದ ಕುತೂಹಲ ಒಂದು ಸಾಲಿನ ಎಚ್ಚರಿಕೆಯಿಂದ ಕೆಡುತ್ತಾ? ನಿಮ್ಮ ಕ್ಲಾಸಲ್ಲಿ ಇದನ್ನೂ ಇಟ್ಟು ನೋಡಿ, ಬೇರೆ ಕಾರ್ಯಕ್ರಮದ ಮಧ್ಯೆ ತೂರಿ ಬರೋ ಪ್ರೋಮೋಗೆ ಎಚ್ಚರಿಕೆ ಎಲ್ಲಿ ಹಾಕೋದು ಅಂತ. ನನ್ನ ಪ್ರಕಾರ ಅಂಥ ಸೀನು ಪ್ರೋಮೋದಲ್ಲಿ ಬರಲೇಬಾರ್ದು.

ಪ್ರಶ್ನೆ: ಅಕ್ಕಾರ, ಒಟಿಟಿ ಒಳಗ ಮೂಲ್ಯಾಗ ಯು/ಎ 13+ ಅಂತ ಬರ್ತೈತಲ್ರೀ, ನನ್ನ ಮಗಗ ಹನ್ನೊಂದು ವರ್ಷ, ಅಂವಾ ನೋಡಬಾರದನ?
– ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: 2021ರ ಐಟಿ, ಅಂದ್ರೆ ಮಾಹಿತಿ ತಂತ್ರಜ್ಞಾನ, ನಿಯಮಗಳಿಂದ ಬಂದ ಗುರುತು ಅದು. ಯು ಅಂದ್ರೆ ಎಲ್ಲರೂ ನೋಡ್ಬಹುದು, 7+, 13+, 16+ ಅಂದ್ರೆ ಆ ವಯಸ್ಸಿಗಿಂತ ಚಿಕ್ಕ ಮಕ್ಕಳು ಅಪ್ಪ ಅಮ್ಮನ ಮಾರ್ಗದರ್ಶನದಲ್ಲಿ ನೋಡ್ಬಹುದು, ಎ ಅಂದ್ರೆ ವಯಸ್ಕರಿಗೆ ಮಾತ್ರ. 13+ ಮತ್ತೆ ಅದರ ಮೇಲಿನದಕ್ಕೆ ಪೇರೆಂಟಲ್ ಲಾಕ್ ಕೊಡಲೇಬೇಕು ಅಂತ ನಿಯಮ ಇದೆ, ಆಪ್ ಸೆಟ್ಟಿಂಗ್ಸಲ್ಲಿ ಪಿನ್ ಇಡಿ. ಸಂಖ್ಯೆ ಪಕ್ಕದಲ್ಲೇ ಹಿಂಸೆ, ಬೈಗುಳ ಹೀಗೆ ಒಳಗೆ ಏನಿದೆ ಅಂತಾನೂ ಇರುತ್ತೆ, ಸಂಖ್ಯೆಗಿಂತ ಅದನ್ನ ಮೊದ್ಲು ಓದಿ. ನಿಮ್ಮ ಮಗ ಯಾವುದಕ್ಕೆ ಹೆದರ್ತಾನೆ ಅಂತ ನಿಮಗೆ ಗೊತ್ತಿರುತ್ತೆ. ಮೊದಲ ಎಪಿಸೋಡ್ ನೀವೇ ಜೊತೇಲಿ ಕೂತು ನೋಡಿ.