ಚೊಚ್ಚಲ ಆಲ್ಬಮ್‌ಗೆ ಮುನ್ನ ರೇಡಿಯೊಗೆ ಒಗ್ಗುವ ಹಾಡು ಬಿಡುವುದು ರಾಜಿಯೇ?

ರಾಜಿಯೇ ಆಗಬೇಕೆಂದಿಲ್ಲ. ಹೊಸಬನ ಇಡೀ ಆಲ್ಬಮ್ ಕೊಳ್ಳುವ ಮೊದಲು ಜನರ ಕಿವಿಗೆ ಅವನ ಒಂದು ಹಾಡಾದರೂ ಬೀಳಬೇಕು. 1990ರ ದಶಕದ ಅಮೆರಿಕದಲ್ಲಿ ಅದಕ್ಕೆ ರೇಡಿಯೊ ಬೇಕೇಬೇಕಿತ್ತು.

ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನ ರ‍್ಯಾಪರ್ ನಟೋರಿಯಸ್ ಬಿ.ಐ.ಜಿ.ಯನ್ನೇ ನೋಡಿ. 1994ರ ಸೆಪ್ಟೆಂಬರ್‌ನಲ್ಲಿ ಬಂದ ಅವನ 'ರೆಡಿ ಟು ಡೈ' ಅಪರಾಧ, ಭಯ, ಸಾವಿನ ಯೋಚನೆಗಳು ತುಂಬಿದ ಚೊಚ್ಚಲ ಆಲ್ಬಮ್. ಅದಕ್ಕೂ ಮೊದಲು ಆಗಸ್ಟ್‌ನಲ್ಲಿ ಹೊರಬಂದ ಸಿಂಗಲ್ (ಆಲ್ಬಮ್‌ನಿಂದ ಬಿಡಿಯಾಗಿ ಬಿಟ್ಟ ಹಾಡು) 'ಜ್ಯೂಸಿ' ಮಾತ್ರ ಹಗುರ, ಇಂಪು. ಎಂಟೂಮೆ ತಂಡದ 1983ರ ಜನಪ್ರಿಯ ಹಾಡು 'ಜ್ಯೂಸಿ ಫ್ರೂಟ್'ನ ಸಂಗೀತವೇ ಇದಕ್ಕೆ ತಳಹದಿ. ಪಲ್ಲವಿಯನ್ನು ಹಾಡಿದ್ದು ಟೋಟಲ್ ಎಂಬ ಗಾಯಕಿಯರ ತಂಡ. ಪರಿಚಿತ ರಾಗ ಮತ್ತು ಗುನುಗಬಹುದಾದ ಪಲ್ಲವಿ ಇದ್ದರೆ, ರ‍್ಯಾಪ್ ಕೇಳದವರೂ ಸ್ಟೇಷನ್ ಬದಲಿಸುವುದಿಲ್ಲ.

ಆದರೆ ಸಾಹಿತ್ಯ ಪೊಳ್ಳಲ್ಲ. ಊಟಕ್ಕೆ ಸಾರ್ಡಿನ್ ಮೀನೇ ಗತಿಯಾಗಿದ್ದ ದಿನಗಳು, ಅಮ್ಮನ ಹೆಮ್ಮೆ, ಶನಿವಾರ ರೇಡಿಯೊದಲ್ಲಿ ಮಿಸ್ಟರ್ ಮ್ಯಾಜಿಕ್ ಮತ್ತು ಮಾರ್ಲಿ ಮಾರ್ಲ್ ಅವರ ರ‍್ಯಾಪ್ ಕಾರ್ಯಕ್ರಮ ಕೇಳುತ್ತಿದ್ದ ನೆನಪು, ಎಲ್ಲವೂ ಅದರಲ್ಲಿವೆ. ರೇಡಿಯೊ ಕೇಳಿ ಬೆಳೆದ ಹುಡುಗ ರೇಡಿಯೊಗಾಗಿಯೇ ಬರೆದಾಗ ಅದನ್ನು ರಾಜಿ ಎನ್ನಲು ನನಗೆ ಮನಸ್ಸು ಬಾರದು.

ಹಳೆಯ ಅಭಿಮಾನಿಗಳನ್ನೂ ಮರೆತಿರಲಿಲ್ಲ: ಸಿಂಗಲ್‌ನ ರೆಕಾರ್ಡಿನ ಇನ್ನೊಂದು ಬದಿಯಲ್ಲಿ ಡಿಜೆ ಪ್ರೀಮಿಯರ್ ನಿರ್ಮಿಸಿದ ಒರಟು ಹಾಡು 'ಅನ್‌ಬಿಲೀವಬಲ್' ಇತ್ತು. 'ಜ್ಯೂಸಿ' ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 27ನೇ ಸ್ಥಾನಕ್ಕೇರಿತು.