ಪ್ರಾರ್ಥನೆಗೆ ಕೂತರೆ ಸಂತೆ ಲೆಕ್ಕ!

ಪ್ರಶ್ನೆ: ಚರ್ಚಿನಲ್ಲಿ ಹಾಡು, ಪ್ರಾರ್ಥನೆ ಎಲ್ಲ ಸರಾಗ. ಮನೆಯಲ್ಲಿ ದೇವರ ಮುಂದೆ ಸುಮ್ನೆ ಕೂತರೆ ಮಾತ್ರ ಸಂತೆ ಲೆಕ್ಕ, ಮಗನ ಫೀಸು ನೆನಪಾಗುತ್ತವೆ. ನನ್ನ ಭಕ್ತಿಯೇ ಕಡಿಮೆಯಾ?
– ಓದುಗರೊಬ್ಬರು, ಗದಗ-ಬೆಟಗೇರಿ

ಉತ್ತರ: ಅಯ್ಯೋ, ಇಲ್ಲಕ್ಕ! 16ನೇ ಶತಮಾನದ ಸ್ಪೇನಿನಲ್ಲಿದ್ದ ಆವಿಲಾದ ಸಂತ ತೆರೇಸಾ ಮೌನ ಪ್ರಾರ್ಥನೆಗೇ ಹೆಸರಾದವರು, ಅಂಥವರೇ ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುತ್ತದೋ ಅಂತ ಕೆಲವು ವರ್ಷ ಕಾಯುತ್ತಿದ್ದೆ ಎಂದು ಬರೆದುಕೊಂಡಿದ್ದಾರೆ. ಫೀಸಿನ ಚಿಂತೆ ಬಂದರೆ ಅದನ್ನೇ ದೇವರಿಗೆ ಹೇಳಿಬಿಡಿ. ಬೇರೆ ಏನಾದರೂ ಬಂದರೆ ನಿಮ್ಮನ್ನು ನೀವೇ ಬೈದುಕೊಳ್ಳದೆ, 'ಯೇಸುವೇ' ಅಂತ ಮೆಲ್ಲಗೆ ಹೇಳಿ ವಾಪಸ್ ಬನ್ನಿ, ಮನಸ್ಸು ಎಷ್ಟು ಸಲ ಓಡಿದರೂ ಅಷ್ಟೇ ಸಲ. ಹತ್ತು ನಿಮಿಷ ಸಾಕು. ಮೊಬೈಲ್ ಆಚೆ ಕೋಣೆಯಲ್ಲಿರಲಿ, ಅದನ್ನೂ ಹೇಳಬೇಕಾ? ಯೇಸುಸ್ವಾಮಿ ನಸುಕಿನಲ್ಲೇ ಎದ್ದು ಒಬ್ಬರೇ ಪ್ರಾರ್ಥಿಸಿದರು ಅಂತ ಮಾರ್ಕನ ಸುವಾರ್ತೆಯಲ್ಲಿದೆ (1:35), ಆದರೆ ನಿಮ್ಮ ಓಣಿಗೆ ನಳದ ನೀರು ಬರುವುದೂ ಆಗಲೇ ಆದರೆ ರಾತ್ರಿ ಕೂತುಕೊಳ್ಳಿ, ತಪ್ಪೇನಿಲ್ಲ.